60° ಬರೆಯಬೇಕೋ, 120° ಬರೆಯಬೇಕೋ? ಕೋನಮಾಪಕದಲ್ಲಿ ಕೋನ ಅಳೆಯುವ ಮತ್ತು ವಿಂಗಡಿಸುವ ಕ್ರಮ

ಕೋನ ಅಳೆಯುವ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳನ್ನೆಲ್ಲ ಜರಡಿ ಹಿಡಿದರೆ ಕೊನೆಗೆ ಉಳಿಯುವುದು ಒಂದೇ: "ಒಂದೇ ಗೀಟಿನ ಎದುರು ಎರಡು ಸಂಖ್ಯೆ ಇವೆಯಲ್ಲ, ಯಾವುದನ್ನು ಬರೆಯಲಿ?" 60 ಇದ್ದಲ್ಲಿ 120 ಇರುತ್ತದೆ, 35 ಇದ್ದಲ್ಲಿ 145. ಮಕ್ಕಳು ಎಡವುವುದು ಇಲ್ಲೇ. ಹೇಳಿಕೊಡಲು ಕೂತ ದೊಡ್ಡವರು ತಡವರಿಸುವುದೂ ಇಲ್ಲೇ.

ಕೋನಮಾಪಕ ಇಡುವ ಮೊದಲೇ ಆ ಕೋನ ಯಾವ ಜಾತಿಯದು ಎಂದು ಕಣ್ಣಲ್ಲೇ ತೀರ್ಮಾನಿಸಿಕೊಂಡರೆ ಈ ಗೊಂದಲ ಹುಟ್ಟುವುದೇ ಇಲ್ಲ. ಸಾಮಾನ್ಯವಾಗಿ ಮೊದಲು ಅಳತೆ, ಆಮೇಲೆ ವಿಂಗಡಣೆ ಎಂದು ಕಲಿಸುತ್ತಾರೆ. ಇಲ್ಲಿ ಆ ಕ್ರಮವನ್ನು ತಿರುವಿ ಹಾಕಿದ್ದೇವೆ. ವಿಂಗಡಣೆ ಮೊದಲು, ಅಳತೆ ಆಮೇಲೆ.

ಏನೇನು ಬೇಕು

ಪಾರದರ್ಶಕ ಪ್ಲಾಸ್ಟಿಕ್ಕಿನ ಅರ್ಧವೃತ್ತದ ಕೋನಮಾಪಕ ಒಂದು. ಕಂಪಾಸ್ ಬಾಕ್ಸಿನಲ್ಲಿ ಬರುವ ಸುಮಾರು 10 ಸೆಂ.ಮೀ. ಅಗಲದ್ದು ಸಾಕು. ಬಣ್ಣದ ಅಥವಾ ಲೋಹದ ಕೋನಮಾಪಕ ನೋಡಲು ಚೆಂದ, ಆದರೆ ಕೆಳಗಿನ ಗೆರೆ ಕಾಣದಿದ್ದರೆ ಅಳೆಯುವವರಿಗೆ ಅದರಿಂದ ಉಪಯೋಗ ಕಡಿಮೆ. ಜೊತೆಗೆ 15 ಸೆಂ.ಮೀ. ಸ್ಕೇಲು, ಚೂಪಾಗಿ ಕೆತ್ತಿದ ಪೆನ್ಸಿಲ್ (ಎಚ್‌ಬಿ ಇರಲಿ, 2ಎಚ್ ಇದ್ದರೆ ಇನ್ನೂ ಒಳ್ಳೆಯದು), ರಬ್ಬರು, ಮತ್ತು ಮೂಲೆ ಮುದುಡದ ಒಂದು ಕಾಗದ. ಈ ಕಾಗದದ ಕೆಲಸ ಸ್ವಲ್ಪ ಹೊತ್ತಿಗೆ ಗೊತ್ತಾಗುತ್ತದೆ.

ಪೆನ್ಸಿಲ್ ಚೂಪಾಗಿರಬೇಕು ಅನ್ನುವುದು ಶಿಸ್ತಿನ ಮಾತಲ್ಲ, ಲೆಕ್ಕದ ಮಾತು. ಕೇಂದ್ರದಿಂದ 5 ಸೆಂ.ಮೀ. ದೂರದಲ್ಲಿ ಒಂದು ಡಿಗ್ರಿಗೆ ಸಿಗುವ ಜಾಗ ಸುಮಾರು 0.87 ಮಿ.ಮೀ. ಮಾತ್ರ. ಮೊಂಡು ಪೆನ್ಸಿಲ್ಲಿನ ಗೆರೆಯೇ 1 ಮಿ.ಮೀ. ದಪ್ಪ ಬಂದರೆ ಒಂದು ಡಿಗ್ರಿಗಿಂತ ಹೆಚ್ಚು ಅದರಲ್ಲೇ ಮುಳುಗಿಹೋಗುತ್ತದೆ.

ಕೋನಮಾಪಕದ ಭಾಗಗಳು

ಕೋನಮಾಪಕವನ್ನು ಬೆಳಕಿಗೆ ಹಿಡಿದು ನಾಲ್ಕು ಜಾಗ ನೋಡಿಕೊಳ್ಳಿ.

ಕೇಂದ್ರಬಿಂದು: ಕೆಳಭಾಗದ ನಟ್ಟನಡುವೆ ಒಂದು ಚಿಕ್ಕ ತೂತು, ಕೂಡುಗೆರೆ ಅಥವಾ ಚುಕ್ಕೆ. ಕೋನದ ಮೂಲೆ ಕೂರಬೇಕಾದ್ದು ಇಲ್ಲಿ.

ಶೂನ್ಯರೇಖೆ: ಕೇಂದ್ರಬಿಂದುವಿನ ಮೂಲಕ ಎಡದ 0ದಿಂದ ಬಲದ 0ವರೆಗೆ ಹೋಗುವ ನೇರ ಗೆರೆ. ಪಾದರೇಖೆ ಎಂದೂ ಕರೆಯುತ್ತಾರೆ.

ಕೆಳಅಂಚು: ಶೂನ್ಯರೇಖೆಯ ಕೆಳಗೆ ಉಳಿದಿರುವ ಪ್ಲಾಸ್ಟಿಕ್ ಪಟ್ಟಿ. ಎಷ್ಟೋ ಕೋನಮಾಪಕಗಳಲ್ಲಿ ಇದು ಕೆಲವು ಮಿಲಿಮೀಟರ್ ಅಗಲ ಇರುತ್ತದೆ. ಕೆಲವರು ಇದನ್ನೇ ಸ್ಕೇಲ್ ಮಾಡಿಕೊಂಡು ಗೆರೆ ಎಳೆಯುತ್ತಾರೆ, ಅದೇನೂ ತಪ್ಪಲ್ಲ. ಆದರೆ ಅಳೆಯುವಾಗ ಈ ಅಂಚಿಗೆ ಯಾವ ಕೆಲಸವೂ ಇಲ್ಲ.

ಎರಡು ಅಳತೆಸಾಲುಗಳು: ಒಂದು ಎಡದಿಂದ 0 ಶುರುವಾಗಿ ಬಲಕ್ಕೆ 180ರವರೆಗೆ ಏರುತ್ತದೆ, ಇನ್ನೊಂದು ಬಲದಿಂದ ಎಡಕ್ಕೆ. ಎರಡೂ ಒಂದೇ ಸಂಖ್ಯೆ ತೋರಿಸುವ ಒಂದೇ ಒಂದು ಜಾಗ 90. ಬೇರೆ ಎಲ್ಲಿ ನೋಡಿದರೂ ಎರಡು ಸಂಖ್ಯೆಗಳನ್ನು ಕೂಡಿದರೆ 180 ಬರುತ್ತದೆ. "ಬಲಗಡೆಗೆ ತೆರೆದಿದ್ದರೆ ಒಳಸಾಲು, ಎಡಗಡೆಗೆ ತೆರೆದಿದ್ದರೆ ಹೊರಸಾಲು" ಎಂದು ಬಾಯಿಪಾಠ ಮಾಡಿಸುವವರಿದ್ದಾರೆ. ದಯವಿಟ್ಟು ಮಾಡಿಸಬೇಡಿ. ಕೆಲವು ಕೋನಮಾಪಕಗಳಲ್ಲಿ ಒಳಸಾಲು ಹೊರಸಾಲು ಅದಲುಬದಲಾಗಿರುತ್ತವೆ, ಅಲ್ಲಿಗೆ ಬಾಯಿಪಾಠ ಕೈಕೊಡುತ್ತದೆ.

ಇನ್ನೊಂದು ಸಂಗತಿ. ಸರ್ವೆ ಕೆಲಸಕ್ಕೆಂದು ಮಾಡಿದ ಕೆಲವು ಪೂರ್ಣವೃತ್ತದ ಮಾಪಕಗಳಲ್ಲಿ ವೃತ್ತವನ್ನು 360ರ ಬದಲು 400 ಭಾಗ ಮಾಡಿರುತ್ತಾರೆ. ಆ ಏಕಮಾನದ ಹೆಸರು ಗ್ರೇಡಿಯನ್. ಅದರಲ್ಲಿ ಕಾಗದದ ಮೂಲೆ 90 ಅಲ್ಲ, 100 ತೋರಿಸುತ್ತದೆ. ಕೈಗೆ ಸಿಕ್ಕ ಹಳೆಯ ಮಾಪಕ ಎಲ್ಲವನ್ನೂ ಒಂಬತ್ತನೇ ಒಂದು ಭಾಗ ಹೆಚ್ಚು ತೋರಿಸುತ್ತಿದ್ದರೆ ಇದೇ ಕಾರಣ ಇರಬಹುದು.

ಕೋನದ ಜಾತಿಗಳು

ಒಂದೇ ಬಿಂದುವಿನಿಂದ ಹೊರಟ ಎರಡು ಕಿರಣಗಳ ನಡುವಿನ ತಿರುವೇ ಕೋನ. ಆ ಬಿಂದುವಿಗೆ ಶೃಂಗ ಎಂದು ಹೆಸರು, ಕಿರಣಗಳಿಗೆ ಬಾಹುಗಳು ಎಂದು. ಮೂರು ಅಕ್ಷರದಲ್ಲಿ ಕೋನವನ್ನು ಹೆಸರಿಸಿದಾಗ ನಡುವಿನ ಅಕ್ಷರವೇ ಶೃಂಗ. ∠ಕಖಗ ಅಂದರೆ ಮೂಲೆ ಇರುವುದು ಖ ಬಿಂದುವಿನಲ್ಲಿ. ತ್ರಿಭುಜದಲ್ಲಿ ಬೇರೆಯದೇ ಮೂಲೆ ಅಳೆದುಕೊಂಡು ಬರುವವರಲ್ಲಿ ಹೆಚ್ಚಿನವರು ಈ ಅಕ್ಷರದ ಕ್ರಮ ನೋಡಿರುವುದಿಲ್ಲ.

0°ಗಿಂತ ಹೆಚ್ಚು, 90°ಗಿಂತ ಕಡಿಮೆ: ಲಘುಕೋನ.
ಸರಿಯಾಗಿ 90°: ಲಂಬಕೋನ.
90°ಗಿಂತ ಹೆಚ್ಚು, 180°ಗಿಂತ ಕಡಿಮೆ: ವಿಶಾಲಕೋನ.
ಸರಿಯಾಗಿ 180°: ಸರಳಕೋನ. ಎರಡೂ ಬಾಹುಗಳು ಒಂದೇ ನೇರ ಗೆರೆಯಾಗಿರುತ್ತವೆ.
180°ಗಿಂತ ಹೆಚ್ಚು, 360°ಗಿಂತ ಕಡಿಮೆ: ಸರಳಾಧಿಕ ಕೋನ.
ಸರಿಯಾಗಿ 360°: ಪೂರ್ಣಕೋನ. ಒಂದು ಪೂರ್ತಿ ಸುತ್ತು.

ಗಡಿಗಳನ್ನು ಗಮನಿಸಿ. 90° ಲಘುವೂ ಅಲ್ಲ, ವಿಶಾಲವೂ ಅಲ್ಲ. ಒಂದೇ ಒಂದು ಅಳತೆಗೆ ಸೇರಿದ ಜಾತಿ ಅದು. 89° ಲಘುಕೋನ, 91° ವಿಶಾಲಕೋನ. "ಹೆಚ್ಚುಕಮ್ಮಿ 90" ಎಂಬ ಜಾತಿ ಇಲ್ಲ.

ವೃತ್ತವನ್ನು 360 ಭಾಗ ಮಾಡುವ ಪದ್ಧತಿಯ ಬೇರು ಬ್ಯಾಬಿಲೋನಿಯಾದವರ 60ರ ಎಣಿಕೆಯಲ್ಲಿದೆ. ಒಂದು ಡಿಗ್ರಿಗೆ 60 ಮಿನಿಟು, ಒಂದು ಮಿನಿಟಿಗೆ 60 ಸೆಕೆಂಡು ಎಂದು ಇವತ್ತಿಗೂ ಲೆಕ್ಕ ಹಾಕುವುದು ಅದೇ ಎಣಿಕೆಯ ಮುಂದುವರಿಕೆ. 360ಕ್ಕೆ 24 ಭಾಜಕಗಳಿವೆ. ಹಾಗಾಗಿ ಅರ್ಧ, ಮೂರನೇ ಒಂದು, ಐದನೇ ಒಂದು, ಎಂಟನೇ ಒಂದು, ಹೇಗೆ ಸೀಳಿದರೂ ಪೂರ್ಣಸಂಖ್ಯೆಯೇ ಬರುತ್ತದೆ. ದಿನಬಳಕೆಗೆ ಇಷ್ಟು ಅನುಕೂಲದ ಸಂಖ್ಯೆ ಸಿಗುವುದು ಕಷ್ಟ.

ಅಳೆಯುವ ಹಂತಗಳು

ಹಂತ 1. ಕಣ್ಣಳತೆ ಮಾಡಿ, ಜಾತಿ ಬರೆದಿಡಿ.

ಕೋನಮಾಪಕವನ್ನು ಇನ್ನೂ ಮುಟ್ಟಬೇಡಿ. ಕಾಗದದ ಮೂಲೆಯನ್ನು ಕೋನದ ಶೃಂಗದ ಮೇಲಿಟ್ಟು, ಕಾಗದದ ಒಂದು ಅಂಚನ್ನು ಒಂದು ಬಾಹುವಿಗೆ ಸರಿಹೊಂದಿಸಿ. ಎರಡನೇ ಬಾಹು ಕಾಗದದ ಕೆಳಗೆ ಅಡಗಿಹೋದರೆ ಲಘುಕೋನ. ಕಾಗದದ ಇನ್ನೊಂದು ಅಂಚಿಗೆ ಕೂಡಿಕೊಂಡರೆ ಲಂಬಕೋನ. ಕಾಗದದಾಚೆ ಕಾಣಿಸಿದರೆ ವಿಶಾಲಕೋನ. ಚಿತ್ರದ ಪಕ್ಕದಲ್ಲಿ "ಲ" ಅಥವಾ "ವಿ" ಎಂದು ಚಿಕ್ಕದಾಗಿ ಬರೆದುಕೊಳ್ಳಿ. ಹತ್ತಿಪ್ಪತ್ತು ಕೋನ ಆದಮೇಲೆ ಕಾಗದ ಬೇಕಾಗುವುದಿಲ್ಲ, ಕಣ್ಣೇ ಹೇಳುತ್ತದೆ.

ಕಣ್ಣನ್ನು ಇನ್ನಷ್ಟು ಪಳಗಿಸಬೇಕಿದ್ದರೆ ಗೋಡೆ ಗಡಿಯಾರ ಸಾಕು. ಪಕ್ಕಪಕ್ಕದ ಎರಡು ಗಂಟೆಗಳ ನಡುವೆ 30°. 2 ಗಂಟೆಗೆ ಮುಳ್ಳುಗಳ ನಡುವೆ 60°, 4 ಗಂಟೆಗೆ 120°, 5 ಗಂಟೆಗೆ 150°. ಮೂರೂವರೆಗೆ ಎಷ್ಟು ಎಂದು ಕೇಳಿದರೆ ಥಟ್ಟನೆ 90° ಎನ್ನುವವರೇ ಹೆಚ್ಚು. ಗಂಟೆಯ ಮುಳ್ಳು ಅಷ್ಟರಲ್ಲಿ 3ನ್ನು ದಾಟಿ 4ರ ಕಡೆ ಅರ್ಧ ದಾರಿ ಹೋಗಿರುತ್ತದೆ, ಆದ್ದರಿಂದ ಸರಿಯಾದ ಉತ್ತರ 75°.

ಹಂತ 2. ಬಾಹುಗಳನ್ನು ಉದ್ದ ಮಾಡಿ.

ಬಾಹು ಅಳತೆಸಾಲಿನವರೆಗೆ ಮುಟ್ಟದಿದ್ದರೆ ಓದಲು ಬರುವುದಿಲ್ಲ. ಸ್ಕೇಲ್ ಇಟ್ಟು ತೆಳುವಾದ ಗೆರೆಯಲ್ಲಿ ಎರಡೂ ಬಾಹುಗಳನ್ನು 7 ಅಥವಾ 8 ಸೆಂ.ಮೀ. ಆಗುವಷ್ಟು ಮುಂದುವರಿಸಿ. "ಬಾಹು ಉದ್ದ ಮಾಡಿದರೆ ಕೋನ ದೊಡ್ಡದಾಗುವುದಿಲ್ಲವೇ?" ಎಂಬ ಅನುಮಾನ ಬಹಳ ಮಕ್ಕಳಿಗೆ ಇರುತ್ತದೆ. ಇಲ್ಲ. ಬಾಗಿಲನ್ನು ಎಷ್ಟು ತೆರೆದಿದ್ದೀರಿ ಎನ್ನುವುದಕ್ಕೂ ಬಾಗಿಲ ಅಗಲಕ್ಕೂ ಸಂಬಂಧವಿಲ್ಲವಲ್ಲ, ಹಾಗೆಯೇ ಇದು.

ಪುಸ್ತಕದ ಮೇಲೆ ಗೀಚಲು ಮನಸ್ಸಿಲ್ಲದಿದ್ದರೆ ಬಾಹುವಿನುದ್ದಕ್ಕೂ ಕಾಗದದ ನೇರ ಅಂಚನ್ನು ಜೋಡಿಸಿಟ್ಟು, ಆ ಅಂಚು ಅಳತೆಸಾಲನ್ನು ಎಲ್ಲಿ ದಾಟುತ್ತದೆ ಎಂದು ಓದಿ.

ಹಂತ 3. ಕೇಂದ್ರಬಿಂದುವನ್ನು ಶೃಂಗದ ಮೇಲೆ ಕೂರಿಸಿ.

ಇಲ್ಲಿ ಅವಸರ ಬೇಡ. 5 ಸೆಂ.ಮೀ. ತ್ರಿಜ್ಯದ ಕೋನಮಾಪಕ ಪಾದರೇಖೆಯ ಉದ್ದಕ್ಕೆ 1 ಮಿ.ಮೀ. ಪಕ್ಕಕ್ಕೆ ಸರಿದರೆ 90°ಯ ಆಸುಪಾಸಿನ ಕೋನದಲ್ಲಿ 1°ಗಿಂತ ತುಸು ಹೆಚ್ಚೇ ತಪ್ಪು ಬರುತ್ತದೆ. 2 ಮಿ.ಮೀ. ಸರಿದರೆ 2°ಗೂ ಹೆಚ್ಚು. ಕೇಂದ್ರದಲ್ಲಿ ದೊಡ್ಡ ತೂತಿದ್ದರೆ ಶೃಂಗ ಅದರ ನಡುವೆಯೇ ಬರಬೇಕು, ಅಂಚಿಗೆ ತಾಗಿಕೊಂಡಿರಬಾರದು.

ಹಂತ 4. ಶೃಂಗ ಅಲುಗದಂತೆ ತಿರುಗಿಸಿ, ಒಂದು ಬಾಹುವನ್ನು ಶೂನ್ಯರೇಖೆಗೆ ಸೇರಿಸಿ.

ಪೆನ್ಸಿಲ್ಲಿನ ಮೊನೆಯನ್ನು ಕೇಂದ್ರದ ತೂತಿನಲ್ಲಿ ಊರಿ ಹಿಡಿದು ಕೋನಮಾಪಕವನ್ನು ಮೆಲ್ಲಗೆ ತಿರುಗಿಸುವುದು ಸುಲಭದ ದಾರಿ. ತಿರುಗಿಸಿದ ಮೇಲೆ ಶೃಂಗ ಇದ್ದಲ್ಲೇ ಇದೆಯೇ ಎಂದು ಮತ್ತೊಮ್ಮೆ ನೋಡಿ. ಪುಸ್ತಕವನ್ನೇ ತಿರುಗಿಸಿಕೊಂಡು ಬಾಹುವನ್ನು ಅಡ್ಡಕ್ಕೆ ತಂದುಕೊಂಡರೂ ಆಗುತ್ತದೆ. ಓರೆಯಾಗಿ ಬರೆದ ಕೋನಗಳಿಗೆ ನಮ್ಮ ಸಲಹೆ ಅದೇ.

ಕೆಳಅಂಚನ್ನು ಬಾಹುವಿನ ಮೇಲಿಡುವ ತಪ್ಪು ನಡೆಯುವುದು ಇದೇ ಹಂತದಲ್ಲಿ. ಅದು ಎಷ್ಟು ಮೋಸದ ತಪ್ಪು ಎಂದರೆ, 90° ಅಳೆದರೆ ಸರಿಯಾಗಿ 90° ಎಂದೇ ತೋರಿಸುತ್ತದೆ. ನಿಂತ ಬಾಹು ಹೇಗೂ ಕೇಂದ್ರದ ಮೂಲಕವೇ ಹಾದುಹೋಗುವುದರಿಂದ ವ್ಯತ್ಯಾಸ ಕಾಣುವುದಿಲ್ಲ. ಓರೆ ಕೋನಗಳಲ್ಲಿ ಬಣ್ಣ ಬಯಲಾಗುತ್ತದೆ. ಕೆಳಪಟ್ಟಿ 5 ಮಿ.ಮೀ. ಅಗಲ, ತ್ರಿಜ್ಯ 5 ಸೆಂ.ಮೀ. ಇದ್ದರೆ 45° ಇದ್ದದ್ದು 41° ಎಂದೂ, 30° ಇದ್ದದ್ದು 25° ಎಂದೂ, 135° ಇದ್ದದ್ದು 139° ಎಂದೂ ಕಾಣುತ್ತದೆ. ನಿಮ್ಮ ಲಘುಕೋನಗಳೆಲ್ಲ ನಾಲ್ಕೈದು ಡಿಗ್ರಿ ಕಡಿಮೆ, ವಿಶಾಲಕೋನಗಳೆಲ್ಲ ನಾಲ್ಕೈದು ಡಿಗ್ರಿ ಹೆಚ್ಚು ಬರುತ್ತಿದ್ದರೆ ಬೇರೆಲ್ಲೂ ಹುಡುಕಬೇಡಿ, ಕೆಳಅಂಚನ್ನು ನೋಡಿ.

ಹಂತ 5. ಬಾಹು ಮಲಗಿರುವ 0ಯನ್ನು ಹುಡುಕಿ, ಆ ಸಾಲನ್ನೇ ಹಿಡಿಯಿರಿ.

ಶೂನ್ಯರೇಖೆಗೆ ಸೇರಿಸಿದ ಬಾಹು ಯಾವ ಕಡೆ ಚಾಚಿಕೊಂಡಿದೆಯೋ ಆ ತುದಿಯಲ್ಲಿ ಎರಡು ಸಂಖ್ಯೆ ಇರುತ್ತವೆ, ಒಂದು 0, ಇನ್ನೊಂದು 180. ನಿಮಗೆ ಬೇಕಾದ್ದು 0 ಇರುವ ಸಾಲು. ಅಲ್ಲಿ ಬೆರಳಿಟ್ಟು 10, 20, 30 ಎಂದು ಎಣಿಸುತ್ತಾ ಇನ್ನೊಂದು ಬಾಹುವಿನ ತನಕ ಜಾರಿಸಿಕೊಂಡು ಹೋಗಿ. ದಾರಿಯಲ್ಲಿ ಸಾಲು ಬದಲಿಸಬೇಡಿ. ಒಳಸಾಲು, ಹೊರಸಾಲು ಎಂಬ ಹೆಸರೇ ಇಲ್ಲಿ ಬೇಕಾಗಿಲ್ಲ.

ಹಂತ 6. ಗೀಟು ಎಣಿಸಿ.

ಎರಡನೇ ಬಾಹು 40 ಮತ್ತು 50ರ ನಡುವೆ, 40 ದಾಟಿ ಮೂರನೇ ಗೀಟಿನ ಮೇಲಿದೆ ಎಂದುಕೊಳ್ಳಿ. ಉತ್ತರ 43°. ಇದೇ ಜಾಗದಲ್ಲಿ ಇನ್ನೊಂದು ಸಾಲು 130 ಮತ್ತು 140ರ ನಡುವೆ ಇರುತ್ತದೆ, ಅಲ್ಲಿನ ಓದು 137°. ಈಗ ನೋಡಿ, ಇನ್ನೊಂದು ಬದಿಯ 137°ಯ ಕೋನ ಅಳೆಯುವಾಗ ಇದೇ ಬಾಹುವಿಗೆ 133° ಎಂದು ಬರೆದವರೂ ಸಿಗುತ್ತಾರೆ. ಸಾಲು ಸರಿಯಾಗಿಯೇ ಹಿಡಿದಿರುತ್ತಾರೆ, ಆದರೆ ಕೊನೆಯ ಮೂರು ಗೀಟನ್ನು 140ರಿಂದ ಹಿಂದಕ್ಕೆ ಎಣಿಸಿ ಕಳೆಯುವ ಬದಲು 130ಕ್ಕೆ ಕೂಡಿಸಿರುತ್ತಾರೆ. ಚಿಕ್ಕ ಗೀಟುಗಳನ್ನು ಯಾವಾಗಲೂ ಸಂಖ್ಯೆ ಏರುವ ದಿಕ್ಕಿನಲ್ಲೇ ಎಣಿಸಬೇಕು. ಮಧ್ಯದ ತುಸು ಉದ್ದದ ಗೀಟು 5ರದು. ಅದನ್ನು ಮೆಟ್ಟಿಲು ಮಾಡಿಕೊಂಡರೆ ಎಣಿಕೆ ತಪ್ಪುವುದಿಲ್ಲ.

ಓದುವಾಗ ಕಣ್ಣು ಗೀಟಿಗೆ ನೇರ ಮೇಲಿರಲಿ. ಪ್ಲಾಸ್ಟಿಕ್ಕಿಗೆ ದಪ್ಪ ಇದೆ. ಗೀಟು ಅದರ ಮೇಲ್ಮೈಯಲ್ಲಿ, ಗೆರೆ ಅದರ ಕೆಳಗೆ. ಓರೆಯಿಂದ ನೋಡಿದರೆ ಗೆರೆ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಇದನ್ನು ದೃಷ್ಟಿಭೇದದ ದೋಷ ಎನ್ನುತ್ತಾರೆ. ದಪ್ಪನೆಯ ಕೋನಮಾಪಕದಲ್ಲಿ ಇದರಿಂದಲೇ ಅರ್ಧದಿಂದ ಒಂದು ಡಿಗ್ರಿ ಹೋಗಬಹುದು.

ಬಾಹು ಎರಡು ಗೀಟುಗಳ ನಡುವೆ ಬಿದ್ದರೆ ಹತ್ತಿರದ್ದನ್ನು ಬರೆಯಿರಿ, ನಡುಮಧ್ಯೆ ಇದ್ದರೆ ಅರ್ಧ ಸೇರಿಸಿ. ಅದಕ್ಕಿಂತ ಸೂಕ್ಷ್ಮ ಬೇಡ. ಈ ಮಾಪಕದಲ್ಲಿ ಅಳೆದು 47.3° ಎಂದು ಬರೆದರೆ ಆ 3 ನಿಮ್ಮ ಊಹೆಯೇ ಹೊರತು ಅಳತೆಯಲ್ಲ. ಯಂತ್ರದ ಬಿಡಿಭಾಗ ತಯಾರಿಸುವಲ್ಲಿ 5 ಮಿನಿಟುಗಳವರೆಗೆ, ಅಂದರೆ ಒಂದು ಡಿಗ್ರಿಯ ಹನ್ನೆರಡನೇ ಒಂದು ಭಾಗದವರೆಗೆ ಓದಬಲ್ಲ ವರ್ನಿಯರ್ ಕೋನಮಾಪಕಗಳನ್ನು ಬಳಸುತ್ತಾರೆ. ಕಂಪಾಸ್ ಬಾಕ್ಸಿನದ್ದರಿಂದ ಅದನ್ನು ನಿರೀಕ್ಷಿಸುವಂತಿಲ್ಲ.

ಹಂತ 7. ಹಂತ 1ರಲ್ಲಿ ಬರೆದ ಅಕ್ಷರಕ್ಕೆ ಹೋಲಿಸಿ.

ಪಕ್ಕದಲ್ಲಿ "ಲ" ಇದ್ದು ಕೈಯಲ್ಲಿ 137° ಇದ್ದರೆ ತಪ್ಪು ಸಾಲು ಓದಿದ್ದೀರಿ, ಸರಿಯಾದದ್ದು 43°. ಈ ಒಂದು ಹೋಲಿಕೆಗೆ ಎರಡು ಸೆಕೆಂಡು ಸಾಕು. 80°, 100°ಯಂಥ ಕೋನಗಳಲ್ಲಿ ಮಾತ್ರ ಬರಿಗಣ್ಣು ತಬ್ಬಿಬ್ಬಾಗುತ್ತದೆ. ಅಲ್ಲಿ ಕಾಗದದ ಮೂಲೆಯನ್ನೇ ನಂಬಿ.

ಶೂನ್ಯದಿಂದ ಶುರುಮಾಡಲು ಆಗದಿದ್ದಾಗ

ಕೋನಮಾಪಕದ ತುದಿ ಮುರಿದಿದೆ, ಅಥವಾ ಶೂನ್ಯರೇಖೆ ಸವೆದು ಅಳಿಸಿದೆ. ಚಿಂತೆಯಿಲ್ಲ. ಶೃಂಗದ ಮೇಲೆ ಕೇಂದ್ರ ಕೂರಿಸಿ, ಎರಡೂ ಬಾಹುಗಳನ್ನು ಒಂದೇ ಸಾಲಿನಲ್ಲಿ ಓದಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಒಂದು ಬಾಹು 35ರಲ್ಲಿ, ಇನ್ನೊಂದು 112ರಲ್ಲಿ ಇದ್ದರೆ ಕೋನ 77°. ಒಂದನ್ನು ಒಳಸಾಲಲ್ಲಿ, ಇನ್ನೊಂದನ್ನು ಹೊರಸಾಲಲ್ಲಿ ಓದಿ ಕಳೆದರೆ ಮಾತ್ರ ಅರ್ಥವಿಲ್ಲದ ಸಂಖ್ಯೆ ಬರುತ್ತದೆ. ಸರಿಯಾದ ಕೋನಮಾಪಕ ಇದ್ದವರೂ ಉತ್ತರ ತಾಳೆ ನೋಡಲು ಈ ವಿಧಾನ ಬಳಸಬಹುದು.

180° ದಾಟಿದ ಕೋನ

ಸರಳಾಧಿಕ ಕೋನದ ಪ್ರಶ್ನೆಯಲ್ಲಿ ಕಂಸದಂಥ ಗುರುತು ಕೋನದ ಹೊರಬದಿಯಲ್ಲಿ, ದೊಡ್ಡ ಸುತ್ತಿನಲ್ಲಿ ಇರುತ್ತದೆ. ಅದನ್ನು ನೋಡದೆ ಒಳಬದಿಯ ಕೋನ ಅಳೆದು ಕೈಬಿಡುವುದು ಸಾಮಾನ್ಯ. ಅರ್ಧವೃತ್ತದ ಮಾಪಕದಲ್ಲಿ ಇದಕ್ಕೆ ಎರಡು ದಾರಿಗಳಿವೆ.

ಒಂದನೆಯದು, ಒಳಗಿನ ಚಿಕ್ಕ ಕೋನ ಅಳೆದು 360ರಿಂದ ಕಳೆಯುವುದು. ಒಳಗೆ 135° ಇದ್ದರೆ ಹೊರಗೆ 360 − 135 = 225°.

ಎರಡನೆಯದು, ಒಂದು ಬಾಹುವನ್ನು ಶೃಂಗದಿಂದ ಹಿಂದಕ್ಕೆ ನೇರವಾಗಿ ಬೆಳೆಸುವುದು. ಅಲ್ಲಿಗೆ 180° ಮುಗಿಯಿತು. ಆ ಹೊಸ ಗೆರೆಯಿಂದ ಇನ್ನೊಂದು ಬಾಹುವಿಗೆ ಉಳಿದ ಕೋನವನ್ನಷ್ಟೇ ಅಳೆದು 180ಕ್ಕೆ ಕೂಡಿಸಿ. ಮೇಲಿನ ಉದಾಹರಣೆಯಲ್ಲಿ 45° ಸಿಗುತ್ತದೆ, ಮೊತ್ತ ಮತ್ತೆ 225°. ಎರಡೂ ದಾರಿಯಲ್ಲಿ ಮಾಡಿ ನೋಡಿದರೆ ಅಳತೆ ತಾನಾಗಿ ಪರೀಕ್ಷೆಯಾಗುತ್ತದೆ. ಕಲಿಯುವವರಿಗೆ ನಾವು ಎರಡನೆಯದನ್ನೇ ಮೊದಲು ಹೇಳುತ್ತೇವೆ, ಏಕೆಂದರೆ ಕೋನ 180ನ್ನು ದಾಟುವುದು ಅದರಲ್ಲಿ ಕಣ್ಣಿಗೆ ಕಾಣುತ್ತದೆ.

ಕೊಟ್ಟ ಅಳತೆಯ ಕೋನ ಎಳೆಯುವುದು

1. ಸುಮಾರು 7 ಸೆಂ.ಮೀ. ಉದ್ದದ ಗೆರೆ ಎಳೆಯಿರಿ. ಒಂದು ತುದಿಯನ್ನು ಖ ಎಂದು ಗುರುತಿಸಿ, ಅದೇ ಶೃಂಗ.
2. ಕೇಂದ್ರವನ್ನು ಖ ಮೇಲೆ, ಶೂನ್ಯರೇಖೆಯನ್ನು ಗೆರೆಯ ಮೇಲೆ ಕೂರಿಸಿ.
3. ಗೆರೆ ಚಾಚಿರುವ ಕಡೆಯ 0ದಿಂದ ಎಣಿಸಿ, ಬೇಕಾದ ಡಿಗ್ರಿಯ ಎದುರು ಮಾಪಕದ ಅಂಚಿಗೆ ತಾಗಿಸಿ ಸಣ್ಣ ಚುಕ್ಕೆ ಇಡಿ. ಸಾಸಿವೆಯಷ್ಟು ದಪ್ಪ ಚುಕ್ಕೆ ಇಟ್ಟರೆ ಎರಡು ಡಿಗ್ರಿ ಅದರೊಳಗೇ ಇರುತ್ತದೆ.
4. ಮಾಪಕ ತೆಗೆದು, ಸ್ಕೇಲಿನಿಂದ ಖ ಬಿಂದುವನ್ನೂ ಚುಕ್ಕೆಯನ್ನೂ ಸೇರಿಸಿ, ಗೆರೆಯನ್ನು ಚುಕ್ಕೆಯಾಚೆಗೂ ಬೆಳೆಸಿ. ಗೆರೆಯ ಇನ್ನೊಂದು ತುದಿಗೆ ಸೇರಿಸಿಬಿಡುವುದು ಇಲ್ಲಿಯ ಖಾಯಂ ತಪ್ಪು.
5. ಕೋನದ ನಡುವೆ ಕಂಸದ ಗುರುತು ಹಾಕಿ ಅಳತೆ ಬರೆಯಿರಿ.

250° ಎಳೆಯಬೇಕೇ? 360 − 250 = 110. 110°ಯ ಕೋನ ಎಳೆದು ಗುರುತನ್ನು ಹೊರಸುತ್ತಿಗೆ ಹಾಕಿ. ಗುರುತು ಒಳಗೆ ಬಿದ್ದರೆ ನೀವು ಎಳೆದದ್ದು 110° ಮಾತ್ರ.

ತ್ರಿಭುಜದ ಮೂರು ಕೋನ ಕೂಡಿದಾಗ 180 ಬರದಿದ್ದರೆ

ಮೂರು ಕೋನಗಳಲ್ಲಿ ತಲಾ ಅರ್ಧ ಡಿಗ್ರಿ ಹೆಚ್ಚುಕಡಿಮೆಯಾದರೂ ಮೊತ್ತದಲ್ಲಿ ಒಂದೂವರೆ ಡಿಗ್ರಿ ಆಗಬಹುದು. ಆದ್ದರಿಂದ 179 ಅಥವಾ 181 ಬಂದರೆ ಗಾಬರಿ ಬೇಡ. 61 + 58 + 64 = 183 ಬಂದರೆ ಒಂದು ಕಡೆ ಕೇಂದ್ರ ಸರಿದಿದೆ ಎಂದೇ ಅರ್ಥ, ಅತಿ ಚಿಕ್ಕ ಬಾಹುಗಳ ನಡುವಿನ ಮೂಲೆಯನ್ನು ಮೊದಲು ಮತ್ತೆ ಅಳೆಯಿರಿ. ಮೊತ್ತ 200, 240 ಎಂದು ಹಾರಿಹೋದರೆ ಎಲ್ಲೋ ತಪ್ಪು ಸಾಲು ಓದಿದ್ದೀರಿ. ಎರಡು ಕೋನ ಅಳೆದು ಮೂರನೆಯದನ್ನು 180ರಿಂದ ಕಳೆದು ಬರೆಯುವ ಜಾಣತನ ಮಾತ್ರ ಬೇಡ, ಅಳತೆಯ ತಪ್ಪು ಹಿಡಿಯಲು ಇದ್ದ ಒಂದೇ ದಾರಿ ಅದರಿಂದ ಮುಚ್ಚಿಹೋಗುತ್ತದೆ. ಚತುರ್ಭುಜದ ಮೊತ್ತ 360. ಒಂದು ನೇರ ಗೆರೆಯ ಮೇಲೆ ಅಕ್ಕಪಕ್ಕ ಕೂತ ಎರಡು ಕೋನಗಳದ್ದು, ಅಂದರೆ ಸರಳಯುಗ್ಮದ್ದು, 180.

ತ್ರಿಭುಜವನ್ನು ಕೋನದ ಮೇಲೆ ವಿಂಗಡಿಸಬೇಕಿದ್ದರೆ ಮೂರನ್ನೂ ಅಳೆಯಬೇಕಾಗಿಲ್ಲ. ಅತಿ ಉದ್ದದ ಬಾಹುವಿನ ಎದುರಿಗಿರುವುದೇ ಅತಿ ದೊಡ್ಡ ಕೋನ. ಅದೊಂದು ಲಘುವಾಗಿದ್ದರೆ ಲಘುಕೋನ ತ್ರಿಭುಜ, ಲಂಬವಾಗಿದ್ದರೆ ಲಂಬಕೋನ ತ್ರಿಭುಜ, ವಿಶಾಲವಾಗಿದ್ದರೆ ವಿಶಾಲಕೋನ ತ್ರಿಭುಜ.

ಇಲ್ಲೊಂದು ಎಚ್ಚರಿಕೆ. ಮೂಲೆಯಲ್ಲಿ ಚಿಕ್ಕ ಚೌಕದ ಗುರುತಿದ್ದರೆ ಅದು 90° ಎಂದೇ ಲೆಕ್ಕ, ನಿಮ್ಮ ಮಾಪಕ 89° ತೋರಿಸಿದರೂ. "ಚಿತ್ರ ಅಳತೆಗೆ ಅನುಗುಣವಾಗಿಲ್ಲ" ಎಂದು ಬರೆದಿದ್ದರೆ ಕೋನಮಾಪಕವನ್ನು ಬಾಕ್ಸಿಗೆ ಹಾಕಿಬಿಡಿ, ಅದು ತರ್ಕದಿಂದ ಬಿಡಿಸಬೇಕಾದ ಪ್ರಶ್ನೆ.

ಕಾಗದದಾಚೆಯ ಕೋನಗಳು

ಮರದ ತುಂಡು, ಪೆಟ್ಟಿಗೆಯ ಮೂಲೆ ಇಂಥವುಗಳ ಮೇಲೆ ಕೋನಮಾಪಕ ಕೂರುವುದಿಲ್ಲ. ಅಂಚಿಗೆ ಕಾಗದ ಒತ್ತಿ ಹಿಡಿದು ಮಡಿಕೆಯಲ್ಲಿ ಕೋನವನ್ನು ನಕಲು ಮಾಡಿಕೊಳ್ಳಿ, ಆಮೇಲೆ ಮೇಜಿನ ಮೇಲೆ ಅಳೆಯಿರಿ.

ಇಳಿಜಾರು ಅಳೆಯಲು ಕೇಂದ್ರದ ತೂತಿಗೆ ದಾರ ಕಟ್ಟಿ, ತುದಿಗೆ ಒಂದು ನಟ್ಟಿನಷ್ಟು ಭಾರ ತೂಗಿಬಿಡಿ. ಮಾಪಕವನ್ನು ತಲೆಕೆಳಗಾಗಿ, ಕಮಾನು ಕೆಳಗೆ ಬರುವಂತೆ ಹಿಡಿದು ನೇರ ಅಂಚನ್ನು ಇಳಿಜಾರಿಗೆ ಸಮಾನಾಂತರವಾಗಿ ಇಡಿ. ನೆಲ ಸಮತಟ್ಟಾಗಿದ್ದರೆ ದಾರ 90ರ ಮೇಲೆ ನಿಲ್ಲುತ್ತದೆ. 72ರ ಮೇಲೆ ನಿಂತರೆ ಇಳಿಜಾರು 90 − 72 = 18°. ಇಲ್ಲಿ ಕೆಳಅಂಚು ಬಳಸಿದರೆ ತೊಂದರೆಯಿಲ್ಲ, ಅದು ಶೂನ್ಯರೇಖೆಗೆ ಸಮಾನಾಂತರವಾಗಿದ್ದರೆ ಸಾಕು. ಗೋಡೆಗೆ ಒರಗಿಸಿದ ಏಣಿಯನ್ನೂ ಹೀಗೆ ನೋಡಬಹುದು. ನೆಲದೊಂದಿಗೆ ಸುಮಾರು 75° ಇರಬೇಕು ಎಂಬುದು ಸುರಕ್ಷತೆಯ ರೂಢಿ, ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ದೂರ ಎಂಬ ಲೆಕ್ಕವೂ ಅದೇ. ಗಾಳಿಯಿದ್ದರೆ ದಾರ ಓಲಾಡುತ್ತದೆ, ನಿಲ್ಲುವ ತನಕ ಕಾಯಬೇಕು.

ನಿಮ್ಮ ಕೋನಮಾಪಕವೇ ಸರಿಯಿದೆಯೇ?

ಎಲ್ಲ ಹಂತ ಪಾಲಿಸಿದರೂ ಉತ್ತರ ಸತತ ಒಂದೇ ಕಡೆಗೆ ತಪ್ಪುತ್ತಿದ್ದರೆ ಮಾಪಕವನ್ನೇ ಪರೀಕ್ಷಿಸಿ. ಮುದ್ರಣ ಓರೆಯಾದ, ಬಿಸಿಗೆ ಬಾಗಿದ ಮಾಪಕಗಳು ಅಪರೂಪವೇನಲ್ಲ.

ಸ್ಕೇಲು ಮತ್ತು ಕೈವಾರದಿಂದ 6, 8, 10 ಸೆಂ.ಮೀ. ಬಾಹುಗಳ ತ್ರಿಭುಜ ಎಳೆಯಿರಿ. ಅದರ ಕೋನಗಳು 90°, ಸುಮಾರು 53° ಮತ್ತು ಸುಮಾರು 37° ಇರಲೇಬೇಕು. ಮೂರೂ ಬಾಹುಗಳು 10 ಸೆಂ.ಮೀ. ಇರುವ ತ್ರಿಭುಜದಲ್ಲಿ ಮೂರೂ ಕಡೆ 60°. ಕೈವಾರ ಇಲ್ಲದಿದ್ದರೆ ಎ4 ಹಾಳೆ ಸಾಕು. 210 × 297 ಮಿ.ಮೀ. ಹಾಳೆಯ ಎದುರುಬದುರು ಮೂಲೆಗಳನ್ನು ಸೇರಿಸಿ ಕರ್ಣ ಎಳೆದರೆ, ಕರ್ಣಕ್ಕೂ ಉದ್ದದ ಅಂಚಿಗೂ ನಡುವೆ 35°ಗಿಂತ ಚೂರು ಹೆಚ್ಚು, ಗಿಡ್ಡ ಅಂಚಿನ ಕಡೆ 55°ಗಿಂತ ಚೂರು ಕಡಿಮೆ ಬರಬೇಕು.

ಅದೇ ಕೋನವನ್ನು ಒಮ್ಮೆ ಬಲದ 0ದಿಂದ, ಒಮ್ಮೆ ಎಡದ 0ದಿಂದ ಅಳೆಯಿರಿ. ಒಂದು ಕಡೆ 59, ಇನ್ನೊಂದು ಕಡೆ 61 ಬಂದರೆ ಮುದ್ರಿತ ಶೂನ್ಯರೇಖೆ ಅಳತೆಸಾಲಿಗೆ 1°ಯಷ್ಟು ಓರೆಯಾಗಿದೆ. ಹೊಸದು ತರುವ ತನಕ ಎರಡೂ ಕಡೆಯಿಂದ ಅಳೆದು ಸರಾಸರಿ ತೆಗೆದುಕೊಂಡರೆ ಕೆಲಸ ನಡೆಯುತ್ತದೆ. ಎರಡೂ ಕಡೆ ಒಂದೇ ಬಂದು, ಆದರೂ 60ರ ಬದಲು 58 ತೋರಿಸುತ್ತಿದ್ದರೆ ತೂತು ಮೇಲಕ್ಕೋ ಕೆಳಕ್ಕೋ ಸರಿದಿದೆ. ಆ ಮಾಪಕದಲ್ಲಿ ತೂತನ್ನು ಮರೆತು, ಎಡ ಬಲದ 0ಗಳನ್ನು ಸೇರಿಸುವ ಗೆರೆಯೂ 90ರಿಂದ ಇಳಿದು ಬರುವ ಗೆರೆಯೂ ಕೂಡುವ ಜಾಗಕ್ಕೆ ಸೂಜಿಯಿಂದ ಹೊಸ ಗುರುತು ಕೊರೆದುಕೊಳ್ಳಿ.